ಕಿವಿ ಪರೀಕ್ಷೆಗೆ ಡೊಳ್ಳು ಕುಣಿತ

ಹೊರದೇಶದಿಂದ ಹಾಸನ ಜಿಲ್ಲೆಗೆ ಬರುವ ಮಕ್ಕಳ ಕಿವಿಗೆ ಇನ್ನು ಯಾವ ತೊಂದರೆಯೂ ಇಲ್ಲ. ಕೌಂಟರ್ ಆಗಿದೆ. ಯಾವ ಊರಿನ ಆಸ್ಪತ್ರೆಯಲ್ಲಿ ಅಂತ ಮಾತ್ರ ಕೇಳಬೇಡಿ, ಒಂದರ ಹೆಸರು ಹೇಳಿದರೆ ಉಳಿದವಕ್ಕೆ ಬೇಜಾರಾಗುತ್ತದೆ. ಬೋರ್ಡು ರಸ್ತೆಯ ಆ ಕಡೆಯಿಂದಲೇ ಕಾಣುವಷ್ಟು ದೊಡ್ಡದು: 'ವಿದೇಶಿ ಮಕ್ಕಳ ವಿಶೇಷ ಶ್ರವಣ ಸೇವಾ ಕೌಂಟರ್'. ಬೋರ್ಡಿನ ಹಿಂದೆ ಕೌಂಟರ್. ಕೌಂಟರಿನ ಹಿಂದೆ ಬೀಗ ಹಾಕಿದ ಪರೀಕ್ಷಾ ಕೊಠಡಿ. ಪರೀಕ್ಷೆ ಮಾಡುವವರು ಬೇರೆ ಊರಿನಿಂದ ಬರಬೇಕು, ಬಂದಾಗ ಬೀಗ ತೆಗೆಯುತ್ತಾರೆ. ಹಾಸನಾಂಬೆಯ ಬಾಗಿಲೂ ವರ್ಷಕ್ಕೊಂದು ಸಲವೇ ತೆಗೆಯುವುದು, ನಿಜ. ಆದರೆ ಅಲ್ಲಿ ಯಾವತ್ತು ತೆಗೆಯುತ್ತಾರೆ ಅಂತ ಮೊದಲೇ ಹೇಳುತ್ತಾರೆ.

ಅಮೆರಿಕದ ಮಗುವಿನ ಕಿವಿಗೂ ನಮ್ಮ ಜಿಲ್ಲೆಗೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಬಹುದು. ಅಂಥವರ ಮನೆಯಿಂದ ಯಾರೂ ಹೊರದೇಶಕ್ಕೆ ಹೋಗಿಲ್ಲ ಅಂತ ಅರ್ಥ. ಹೋದವರು ರಜೆಗೆ ಬರುವುದೇ ರಿಪೇರಿಗೆ. ಹಲ್ಲು ತುಂಬಿಸುವುದು, ಕನ್ನಡಕ ಬದಲಿಸುವುದು, ರಕ್ತ ಪರೀಕ್ಷೆ, ಬ್ಯಾಂಕಿನ ಕೆವೈಸಿ, ಒಂದು ಮದುವೆ, ಒಂದು ಗೃಹಪ್ರವೇಶ, ಎಲ್ಲ ಮೂರು ವಾರದೊಳಗೆ ಮುಗಿಯಬೇಕು. ಅಲ್ಲಿ ಇನ್ಶೂರೆನ್ಸ್‌ನವರ ಹತ್ತಿರ ಗುದ್ದಾಡುವುದಕ್ಕಿಂತ 'ಊರಿಗೆ ಹೋದಾಗ ತೋರಿಸೋಣ' ಅನ್ನುವುದು ಸುಲಭ.

ನಮ್ಮ ಪಕ್ಕದ ಮನೆಯ ಅಜ್ಜಿಯ ಮೊಮ್ಮಗಳೂ ಹಾಗೇ ಬಂದಳು, ಟೆಕ್ಸಾಸಿನಿಂದ, ಫೆಬ್ರವರಿ ಕೊನೆಯಲ್ಲಿ. ವಯಸ್ಸು ಎರಡೂವರೆ, ಇನ್ನೂ ಮಾತಿಲ್ಲ. ಹುಟ್ಟಿದಾಗ ಅಲ್ಲಿ ಮಾಡಿದ ಕಿವಿ ತಪಾಸಣೆಯಲ್ಲಿ ಪಾಸಾಗಿದ್ದಳು. ಆದರೆ ಹುಟ್ಟಿದಾಗ ಪಾಸಾದ ಮಕ್ಕಳಿಗೂ ಆಮೇಲೆ ಕೇಳಿಸುವುದು ಕಡಿಮೆಯಾಗಬಹುದು. ಬೀದಿಯವರಿಗೆ ಇದೆಲ್ಲ ಬೇಕಿರಲಿಲ್ಲ. 'ಮನೇಲಿ ಕನ್ನಡ, ಹೊರಗೆ ಇಂಗ್ಲಿಷ್, ಪಾಪ ಮಗೂಗೆ ತಲೆ ಕೆಟ್ಟಿದೆ' ಅಂದರು ಒಬ್ಬರು. 'ಅವರಪ್ಪ ಬಾಯಿ ಬಿಟ್ಟಿದ್ದೇ ನಾಲ್ಕು ವರ್ಷಕ್ಕೆ, ಈಗ ನೋಡಿ ಸುಮ್ನಿರಿಸೋಕೇ ಆಗಲ್ಲ' ಅಂದರು ಇನ್ನೊಬ್ಬರು.

ಈ ವಿಷಯದಲ್ಲಿ ವೈದ್ಯರು ಒಂದು ಲೆಕ್ಕ ಇಟ್ಟಿದ್ದಾರೆ, 1-3-6 ಅಂತ. ಹುಟ್ಟಿದ 1 ತಿಂಗಳೊಳಗೆ ಮೊದಲ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಕಿವಿಗೆ ಮೆಷಿನ್ನೋ ಚಿಕಿತ್ಸೆಯೋ ಶುರು. ಮಾತು ಕಲಿಯುವ ಕಾಲ ಕಾಯುವುದಿಲ್ಲ ಅನ್ನುವುದು ಅದರ ತಾತ್ಪರ್ಯ. ನಮ್ಮಲ್ಲೂ 1-3-6 ಇದೆ: 1 ಸಮಿತಿ, 3 ಟೆಂಡರ್, 6 ಉದ್ಘಾಟನೆ.

ಅಜ್ಜಿ ಮೊದಲು ಕಾಗದ ಪತ್ರ ಹಿಡಿದುಕೊಂಡು ಹೋದರು. ಕೌಂಟರಿನ ಕಂಪ್ಯೂಟರ್ ಆಧಾರ್ ನಂಬರ್ ಕೇಳಿತು. ಮಗುವಿನದ್ದು ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದ ವಿದೇಶಿಯರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡು. ಓಸಿಐ ಇದ್ದವರಿಗೆ ಆಧಾರ್ ಬೇಕಾದರೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು.

'ಹಂಗಾದ್ರೆ ಆರು ತಿಂಗಳು ಇರಿಸ್ಕಳಿ ಅಜ್ಜಿ' ಅಂದ ಗುಮಾಸ್ತ.

'ಇಲ್ಲೇ ಇರೋ ಮಕ್ಕಳಾದ್ರೆ ಈ ಕೌಂಟರ್ ಯಾಕಪ್ಪ ಬೇಕು?'

ಗುಮಾಸ್ತನೂ ಒಳ್ಳೆಯವನೇ. ಪರದೆಯಲ್ಲಿ ದೇಶ ಆರಿಸುವ ಜಾಗ ಹುಡುಕಿದ. ವಿದೇಶಿ ಮಕ್ಕಳ ಕೌಂಟರಿನ ತಂತ್ರಾಂಶದಲ್ಲಿ ದೇಶ ಅನ್ನುವ ಕಾಲಂ ಇರಲಿಲ್ಲ, ತಾಲ್ಲೂಕು ಮಾತ್ರ ಇತ್ತು. ಸ್ವಲ್ಪ ಹೊತ್ತು ಯೋಚಿಸಿ ಟೆಕ್ಸಾಸನ್ನು ಆಲೂರು ತಾಲ್ಲೂಕಿಗೆ ಸೇರಿಸಿದ. ಸಕಲೇಶಪುರದ ಹೋಮ್‌ಸ್ಟೇನಲ್ಲಿ ಇದೇ ಪಾಸ್‌ಪೋರ್ಟಿನ ಮಗು ಒಂದು ರಾತ್ರಿ ಮಲಗಿದರೂ ಮಾಲೀಕರು 24 ಗಂಟೆಯೊಳಗೆ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಅಂದರೆ ಮಗು ಎಲ್ಲಿ ಮಲಗಿದೆ ಅಂತ ಸರ್ಕಾರಕ್ಕೆ ಗೊತ್ತು. ಕೇಳಿಸುತ್ತದೋ ಇಲ್ಲವೋ ಅನ್ನುವ ಕಾಲಂ ಆ ಫಾರಮಿನಲ್ಲೂ ಇಲ್ಲ.

ಇನ್ನು ನಿದ್ದೆಯ ವಿಷಯ. ಚಿಕ್ಕ ಮಕ್ಕಳಿಗೆ ಬೆರಾ ಅಂತ ಒಂದು ಪರೀಕ್ಷೆ ಇದೆ. ಹಣೆಗೂ ಕಿವಿ ಹಿಂದಕ್ಕೂ ಸಣ್ಣ ವೈರು ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಟ್ಟು, ಅದು ನರದ ಮೂಲಕ ಮಿದುಳಿನವರೆಗೆ ಹೋಯಿತೇ ಅಂತ ನೋಡುತ್ತಾರೆ. ಮಗು ಅಲುಗಾಡಬಾರದು, ನಿದ್ದೆಯಲ್ಲಿದ್ದರೆ ಒಳ್ಳೆಯದು. ಅದಕ್ಕೇ 'ರಾತ್ರಿ ಜಾಸ್ತಿ ಮಲಗಿಸಬೇಡಿ' ಅಂತ ಹೇಳಿ ಕಳಿಸುತ್ತಾರೆ. ಆಗಲೂ ಮಲಗದಿದ್ದರೆ ಸಿರಪ್ಪು. ಟೆಕ್ಸಾಸಿನಿಂದ ಈಗಷ್ಟೇ ಇಳಿದ ಮಗುವಿಗೆ ಇದ್ಯಾವುದೂ ಬೇಡ. ಅಲ್ಲಿ ರಾತ್ರಿ ಹನ್ನೊಂದು ಅಂದರೆ ಇಲ್ಲಿ ಬೆಳಿಗ್ಗೆ ಹತ್ತೂವರೆ, ಆಸ್ಪತ್ರೆ ತೆಗೆದಿರುವ ಹೊತ್ತು. ಬಂದ ಮೊದಲ ವಾರ ಪೂರ್ತಿ ಮಗು ಬೆಳಗ್ಗೆಯೆಲ್ಲ ಹೆಗಲ ಮೇಲೆ ಗೊರಕೆ. ವಿದೇಶಿ ಮಕ್ಕಳಿಗೆ ದೇವರು ಕೊಟ್ಟ ಏಕೈಕ ವಿಶೇಷ ಸೌಲಭ್ಯ ಇದು. 'ನಾಳೆನೇ ಮಾಡಿಬಿಡಿ ಸ್ವಾಮಿ' ಅಂತ ಅಜ್ಜಿ ಕೇಳಿಕೊಂಡರು. 'ಮಾರ್ಚ್ 3ಕ್ಕೆ ಬನ್ನಿ ಅಮ್ಮಾ, ಅವತ್ತು ವಿಶ್ವ ಶ್ರವಣ ದಿನ. ಕೌಂಟರ್ ಉದ್ಘಾಟನೆ. ಮೊದಲ ಫಲಾನುಭವಿ ನಿಮ್ಮ ಮಗೂನೇ.'

ಆವತ್ತು ಅಜ್ಜಿಯ ಜೊತೆ ನಾನೂ ಹೋಗಿದ್ದೆ. ಗೇಟಿನ ಪಕ್ಕ 'ನಿಶ್ಶಬ್ದ ವಲಯ, ಹಾರ್ನ್ ಮಾಡಬೇಡಿ' ಅನ್ನುವ ಕಬ್ಬಿಣದ ಬೋರ್ಡು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆ ಸುತ್ತ 100 ಮೀಟರ್ ಅಂತಹ ವಲಯ ಮಾಡಲು ಅವಕಾಶ ಇದೆ, ಹಗಲಿನಲ್ಲಿ ಮಿತಿ 50 ಡೆಸಿಬಲ್. ಬೋರ್ಡು ಗಟ್ಟಿಯಾಗಿದ್ದುದರಿಂದ ಶಾಮಿಯಾನದ ಹಗ್ಗ ಅದಕ್ಕೇ ಕಟ್ಟಿದ್ದರು. ಹಗ್ಗದ ಈ ಪಕ್ಕ ಆಳೆತ್ತರದ ಧ್ವನಿವರ್ಧಕ, ಆ ಪಕ್ಕ ಡೊಳ್ಳಿನವರು.

ಒಳಗೆ ಟೋಕನ್ ವ್ಯವಸ್ಥೆ. ಇದನ್ನು ಯೋಚಿಸಿದವರಿಗೆ ಶಾಲು ಹೊದಿಸಬೇಕು. ಕಿವಿ ವಿಭಾಗದ ಟೋಕನ್ ನಂಬರನ್ನು ಮೈಕಿನಲ್ಲಿ ಕೂಗುತ್ತಾರೆ, ಬರೆದು ತೋರಿಸುವ ಪರದೆ ಇಲ್ಲ. ಕೇಳಿಸಿದವರು ಎದ್ದು ಹೋಗುತ್ತಾರೆ. ಕೇಳಿಸದವರು ಕೂತೇ ಇರುತ್ತಾರೆ. ಸಂಜೆಗೆ ಬೆಂಚಿನ ಮೇಲೆ ಯಾರು ಉಳಿದರೋ ಅವರೇ ನಿಜವಾದ ರೋಗಿಗಳು. ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಯಾವ ದೇಶದಲ್ಲಿದೆ? ಕೌಂಟರಿಗೆ ದಪ್ಪ ಗಾಜು, ಮಾತಾಡಲು ಬಳೆಯಷ್ಟು ಅಗಲದ ತೂತು. ಗಾಜಿನ ಆಚೆ ಇರುವವರ ತುಟಿ ನೋಡಿ ತಿಳಿದುಕೊಳ್ಳೋಣ ಅಂದರೆ, ಸರಿಯಾಗಿ ಮುಖದ ಎತ್ತರಕ್ಕೆ ಗಣ್ಯರ ಫೋಟೋ ಅಂಟಿಸಿದ್ದಾರೆ. ಗಣ್ಯರ ತುಟಿ ಅಲುಗುವುದಿಲ್ಲ.

ಹತ್ತೂವರೆಗೆ ಡೊಳ್ಳು ಶುರುವಾಯಿತು. ಕಿಟಕಿ ಗಾಜು ಅದುರಿತು. ಪರೀಕ್ಷೆ ಮಾಡಲು ಬಂದಿದ್ದ ಹುಡುಗಿ ಹೊರಗೆ ಇಣುಕಿ, 'ಈ ಗಲಾಟೆಯಲ್ಲಿ ಆಗಲ್ಲ ಮೇಡಂ, ಕಾರ್ಯಕ್ರಮ ಮುಗೀಲಿ' ಅಂದಳು. ಮುಖ್ಯ ಅತಿಥಿಗಳು ಚೀಟಿ ನೋಡಿಕೊಂಡು ಮಾತಾಡಿದರು. ಜಗತ್ತಿನಲ್ಲಿ 3.4 ಕೋಟಿ ಮಕ್ಕಳಿಗೆ ಕೇಳಿಸುವ ತೊಂದರೆಗೆ ನೆರವು ಬೇಕು, ಮಕ್ಕಳ ಈ ತೊಂದರೆಯಲ್ಲಿ ಶೇಕಡಾ 60ರಷ್ಟನ್ನು ತಡೆಯಬಹುದು, ಜೋರು ಸದ್ದು ಕಿವಿಗೆ ಶತ್ರು ಅಂದರು. ಕೊನೆಯದನ್ನು ಹಿಂದಿನ ಸಾಲಿಗೂ ತಲುಪಲಿ ಅಂತ ಎರಡು ಸಲ ಹೇಳಿದರು. ಧ್ವನಿವರ್ಧಕ ಒಮ್ಮೆ ಕುಂಯ್ ಅಂತು.

ಇಷ್ಟೆಲ್ಲ ನಡೆಯುವಾಗ ಮಗು ಅಜ್ಜಿಯ ಹೆಗಲ ಮೇಲೆ ಮಲಗೇ ಇತ್ತು. ಡೊಳ್ಳು ನಾಲ್ಕು ಮಾರು ದೂರದಲ್ಲಿ, ಮಗುವಿನ ರೆಪ್ಪೆ ಕದಲಲಿಲ್ಲ. ಅಜ್ಜಿ ಮೊಮ್ಮಗಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬ್ಯಾಡ್ಜು ಹಾಕಿದ ಸಂಘಟಕರೊಬ್ಬರು ಬಗ್ಗಿ ಮಗುವಿನ ಕೆನ್ನೆ ಸವರಿ, 'ಎಷ್ಟು ಒಳ್ಳೆ ಮಗು ನೋಡಿ, ಸ್ವಲ್ಪವೂ ತೊಂದರೆ ಕೊಡಲಿಲ್ಲ' ಅಂದರು.

ಸಮಾರಂಭ ಮುಗಿಯುವ ಹೊತ್ತಿಗೆ ಊಟದ ಸಮಯ. ಊಟ ಮುಗಿಯುವ ಹೊತ್ತಿಗೆ ಕರೆಂಟು ಇಲ್ಲ. ಕರೆಂಟು ಬರುವ ಹೊತ್ತಿಗೆ ಟೆಕ್ಸಾಸಿನಲ್ಲಿ ಬೆಳಗಾಗಿ ಮಗು ಕಣ್ಣು ಬಿಟ್ಟಿತ್ತು.

ಮಾರನೇ ದಿನ ಅವರು ಮೈಸೂರು ಬಸ್ ಹತ್ತಿದರು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ, ಇಡೀ ದೇಶದಿಂದ ಜನ ಬರುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಅರಕಲಗೂಡಿನ ಕಡೆಯ ಗಂಡ ಹೆಂಡತಿ ಸಿಕ್ಕರಂತೆ, ಮಡಿಲಲ್ಲಿ ಅದೇ ವಯಸ್ಸಿನ ಗಂಡು ಮಗು. ಅವರ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಅಂಗನವಾಡಿ ಚೀಟಿ ಎಲ್ಲ ಇತ್ತು. 'ನಿಮ್ಮ ಹತ್ರ ಎಲ್ಲ ಇದ್ಯಲ್ಲಪ್ಪ, ಮತ್ತೆ ಇಲ್ಲೇ ಯಾಕೆ ತೋರಿಸಲಿಲ್ಲ?' ಅಂತ ಅಜ್ಜಿ ಕೇಳಿದರು. 'ಹೋಗಿದ್ವಿ ಕಣಮ್ಮ. ಅದು ವಿದೇಶಿ ಮಕ್ಕಳ ಕೌಂಟರ್ ಅಂದ್ರು.'

ಕೌಂಟರಿನ ಮೊದಲ ತಿಂಗಳ ವರದಿ ಈಚೆಗೆ ನೋಡಲು ಸಿಕ್ಕಿತು. ಅಂದವಾಗಿದೆ, ಬಣ್ಣದ ಮುದ್ರಣ, ಡೊಳ್ಳಿನ ಫೋಟೋ ಮುಖಪುಟದಲ್ಲಿ. ಒಳಗೆ ಫಲಾನುಭವಿಗಳ ಪಟ್ಟಿಯಲ್ಲಿ ಒಂದೇ ಹೆಸರು, ಆಲೂರು ತಾಲ್ಲೂಕು, ಟೆಕ್ಸಾಸ್ ಗ್ರಾಮ. ಷರಾ ಕಾಲಮಿನಲ್ಲಿ ಬರೆದಿದ್ದಾರೆ: 'ಮಗುವಿನ ಹೆಸರನ್ನು ಮೈಕಿನಲ್ಲಿ ಮೂರು ಬಾರಿ ಕೂಗಲಾಯಿತು. ಉತ್ತರ ಬಾರದ ಕಾರಣ ಕಡತ ಮುಕ್ತಾಯಗೊಳಿಸಲಾಗಿದೆ.'