ಸೊಟ್ಟ ಹಲ್ಲನ್ನೇ ನೋಡುತ್ತಿದ್ದೆ, ಬಿಳಿ ಗೆರೆ ಕಾಣಲೇ ಇಲ್ಲ

ಮಗಳಿಗೆ ಈಗ ಎರಡೂ ಮುಕ್ಕಾಲು ವರ್ಷ. ಕೆಳಗಿನ ನಾಲ್ಕು ಮುಂದಿನ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಬಂದಿವೆ. ಅದರಲ್ಲಿ ಒಂದು ಸ್ವಲ್ಪ ತಿರುಗಿ, ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಂತಿದೆ. ಮೂರು ತಿಂಗಳು ನನಗೆ ಅದೇ ಚಿಂತೆ. ಅವಳು ನಕ್ಕರೆ ನಗು ಕಾಣುತ್ತಿರಲಿಲ್ಲ, ಆ ಹಲ್ಲು ಕಾಣುತ್ತಿತ್ತು. ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತಿದ್ದೆ. ಹೋದ ತಿಂಗಳ ಫೋಟೋ ಪಕ್ಕ ಇಟ್ಟು, ಜಾಸ್ತಿ ಸೊಟ್ಟ ಆಯಿತಾ ಎಂದು ಹೋಲಿಸುತ್ತಿದ್ದೆ.

ಮನೆಗೆ ಬಂದವರ ಮಾತು ಬೇರೆ. ಅರ್ಧ ಜನ "ಅಯ್ಯೋ, ಈಗಲೇ ಹೀಗಾ? ಮುಂದೆ ಕ್ಲಿಪ್ ಹಾಕಿಸಲೇಬೇಕು" ಅಂದರು. ಇನ್ನರ್ಧ ಜನ "ಬಿಡು, ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ" ಅಂದರು. ಈಗ ನನಗೆ ಅನಿಸುವುದು, ಎರಡೂ ತಪ್ಪು ಮಾತು. ಎರಡರಲ್ಲೂ ಹಲ್ಲು ಅಂದರೆ ಬರೀ ಚೆಂದ. ಅದು ಬಾಯೊಳಗೆ ಮಾಡುವ ಕೆಲಸದ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಕೊನೆಗೆ ಮಕ್ಕಳ ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ನಾನೂ ಅವರೂ ಎದುರು ಬದುರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಮಗಳ ತಲೆ ಅವರ ತೊಡೆಯ ಮೇಲೆ, ಕೈ ನನ್ನ ಕೈಯಲ್ಲಿ. ನಾನು ಆ ಸೊಟ್ಟ ಹಲ್ಲನ್ನು ತೋರಿಸಿದೆ. ಅವರು ಒಮ್ಮೆ ನೋಡಿ ಮುಂದೆ ಹೋದರು. ಮೇಲಿನ ತುಟಿ ಎತ್ತಿದರು. "ಇದನ್ನು ನೋಡಿದ್ದೀರಾ ಅಮ್ಮಾ?"

ಮೇಲಿನ ಎರಡು ಮುಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೇ ಅಂಟಿದ ಹಾಗೆ, ಸುಣ್ಣದಂಥ ಬಿಳಿ ಗೆರೆ. ಹುಳುಕು ಶುರುವಾಗುವುದು ಹೀಗಂತೆ. ಕಂದು, ಕಪ್ಪು ಎಲ್ಲ ಆಮೇಲೆ. ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಾಳಾ ಎಂದು ಕೇಳಿದರು. ಹೌದು ಅಂದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಇರುತ್ತದೆ, ಹಾಲು ಹಲ್ಲಿನ ಮೇಲೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು.

ದಿನಾ ಅವಳ ಬಾಯಿ ನೋಡಿದವಳು ನಾನು. ಒಂದು ದಿನವೂ ತುಟಿ ಎತ್ತಿ ನೋಡಿರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಕಣ್ಣು ತುಂಬುತ್ತದೆ.

ಪುಣ್ಯಕ್ಕೆ ಗುಂಡಿ ಬಿದ್ದಿರಲಿಲ್ಲ. ಈ ಹಂತದಲ್ಲಿ ಇದನ್ನು ತಡೆಯಬಹುದು ಎಂದರು. ಫ್ಲೋರೈಡ್ ಲೇಪ ಹಚ್ಚಿದರು. ದಿನಕ್ಕೆ ಎರಡು ಸಲ ನೀವೇ ಬ್ರಷ್ ಮಾಡಿ, 3 ವರ್ಷ ತುಂಬುವವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು ಎಂದರು. ಕೊನೆಗೆ ಒಂದು ಮಾತು ಸೇರಿಸಿದರು. ಹಲ್ಲುಗಳು ಅಂಟಿಕೊಂಡಿರುವ ಕಡೆ ಬ್ರಷ್ ಒಳಗೆ ಹೋಗುವುದೇ ಇಲ್ಲ, ಅಲ್ಲಿ ಫ್ಲಾಸ್ ದಾರ ಹಾಕಲೇಬೇಕು. ಇಕ್ಕಟ್ಟಾದ ಹಾಲುಹಲ್ಲಿನಿಂದ ಇವತ್ತು ಆಗುವ ನಿಜವಾದ ತೊಂದರೆ ಇದು. ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ.

ಸೊಟ್ಟದ ಬಗ್ಗೆಯೂ ಕೇಳಿದೆ, ಸುಮ್ನೆ ಬರಲು ಮನಸ್ಸಾಗಲಿಲ್ಲ. ಹಾಲುಹಲ್ಲು ಒಟ್ಟು 20. ಅವುಗಳ ನಡುವೆ ಸಂದಿ ಇದ್ದರೆ ಒಳ್ಳೆಯದು. ಯಾಕೆಂದರೆ ಮುಂದೆ ಬರುವ ಹಲ್ಲುಗಳು ಅಗಲ. ಮೇಲಿನ ನಾಲ್ಕು ಮುಂದಿನ ಹಲ್ಲುಗಳನ್ನೇ ಲೆಕ್ಕ ಹಾಕಿದರೂ ಒಟ್ಟು 7ರಿಂದ 8 ಮಿಲಿಮೀಟರ್ ಜಾಸ್ತಿ ಜಾಗ ಬೇಕು. ನನ್ನ ಗೆಳತಿ ತನ್ನ ಮಗನ ಹಲ್ಲಿನ ಸಂದಿ ನೋಡಿ ಕೊರಗುತ್ತಿದ್ದಳು. ಅವಳಿಗೆ ಅವತ್ತೇ ಫೋನ್ ಮಾಡಿದೆ.

ನನ್ನ ಮಗಳಿಗೆ ಸಂದಿ ಇಲ್ಲ. ಹಾಗಾಗಿ ಮುಂದೆಯೂ ಇಕ್ಕಟ್ಟಾಗುವ ಸಾಧ್ಯತೆ ಜಾಸ್ತಿ. ಡಾಕ್ಟರ್ ಇದನ್ನು ಮುಚ್ಚಿಡಲಿಲ್ಲ, ಅದು ನನಗೆ ಹಿಡಿಸಿತು. ಆದರೆ ದವಡೆ ಇನ್ನೂ ಬೆಳೆಯುತ್ತದೆ. ಹೊಸ ಹಲ್ಲುಗಳು ಸ್ವಲ್ಪ ಮುಂದಕ್ಕೆ ಚಾಚಿ ಬರುತ್ತವೆ. ಹಿಂದಿನ ಹಾಲುದವಡೆ ಹಲ್ಲುಗಳು ಬಿದ್ದ ಜಾಗದಲ್ಲಿ ಅವಕ್ಕಿಂತ ಸಣ್ಣ ಹಲ್ಲು ಹುಟ್ಟುತ್ತವೆ, ಅಲ್ಲೂ ಒಂದಿಷ್ಟು ಜಾಗ ಉಳಿಯುತ್ತದೆ. ಈ ವಯಸ್ಸಿನಲ್ಲಿ ಕ್ಲಿಪ್ ಮಾತೇ ಬೇಡ, 7 ವರ್ಷದ ಹೊತ್ತಿಗೆ ಒಮ್ಮೆ ತೋರಿಸಿ ಎಂದರು. ಅದಕ್ಕೂ ಮೊದಲೇ ತೋರಿಸಬೇಕಾದವು ಬೇರೆ ಇವೆ. ಕಚ್ಚಿದಾಗ ಕೆಳದವಡೆ ಒಂದು ಪಕ್ಕಕ್ಕೆ ಜಾರುವುದು, ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವುದು, ಸದಾ ಬಾಯಲ್ಲೇ ಉಸಿರಾಡುವುದು, ದಿನಾ ಗೊರಕೆ ಹೊಡೆಯುವುದು, ನಾಲ್ಕು ವರ್ಷ ತುಂಬಿದರೂ ಬೆರಳು ಚೀಪುವುದು.

ಇನ್ನು "ಬೀಳೋ ಹಲ್ಲು ತಾನೇ" ಎನ್ನುವವರಿಗೆ. ಮುಂದಿನ ಹಲ್ಲು 6-8 ವರ್ಷಕ್ಕೆ ಬೀಳುತ್ತವೆ, ಸರಿ. ಹಿಂದಿನವು 10-12 ವರ್ಷದವರೆಗೂ ಇರಬೇಕು. 6ನೇ ವರ್ಷದ ಸುಮಾರಿಗೆ ಅವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಅದರ ಮುಂದಿರುವ ಹಾಲುದವಡೆ ಹಲ್ಲು ಹುಳುಕಾಗಿ ಬೇಗ ಕಿತ್ತರೆ, ಈ ಹೊಸ ಹಲ್ಲು ಮುಂದಕ್ಕೆ ವಾಲಿ ಆ ಜಾಗ ನುಂಗುತ್ತದೆ. ಆಮೇಲೆ ಅಲ್ಲಿ ಹುಟ್ಟಬೇಕಾದ ಹಲ್ಲು ಎಲ್ಲಿಗೆ ಹೋಗಬೇಕು? ಸೊಟ್ಟ ಬರುತ್ತದೆ, ಇಲ್ಲ ಒಳಗೇ ಸಿಕ್ಕಿಕೊಳ್ಳುತ್ತದೆ. ಅಂದರೆ ನಾವು ಯಾವುದಕ್ಕೆ ಹೆದರುತ್ತೇವೋ ಅದನ್ನು ಹುಳುಕಿನ ಮೂಲಕ ನಾವೇ ಕರೆದು ತರುತ್ತೇವೆ. ನನ್ನ ಸಿಟ್ಟು ಇರುವುದು ಇಲ್ಲೇ. ಎರಡು ವರ್ಷದ ಮಗುವಿನ ಹಲ್ಲು ಸಾಲಾಗಿಲ್ಲ ಎಂದು ಹತ್ತು ಜನ ಹೇಳಿದರು. ರಾತ್ರಿ ಬಾಟಲಿ ಬಿಡಿಸು ಎಂದು ಒಬ್ಬರೂ ಹೇಳಲಿಲ್ಲ. ಮೊದಲ ಹುಟ್ಟುಹಬ್ಬದ ಹೊತ್ತಿಗೇ ಹಲ್ಲಿನ ಡಾಕ್ಟರಿಗೆ ತೋರಿಸಬೇಕು ಎಂಬುದೂ ನನಗೆ ಹೆಚ್ಚುಕಡಿಮೆ ಎರಡು ವರ್ಷ ತಡವಾಗಿ ಗೊತ್ತಾಯಿತು.

ಇನ್ನೊಂದು ಹೇಳಲೇಬೇಕು. ಹತ್ತಿರದ ಸಂಬಂಧಿಯೊಬ್ಬರು ಪ್ರೀತಿಯಿಂದಲೇ ಅವಳನ್ನು "ಸೊಟ್ಟಹಲ್ಲಿ" ಎಂದು ಕರೆಯುತ್ತಿದ್ದರು. ಒಂದು ದಿನ ಅವರು ಮನೆಗೆ ಬಂದಾಗ ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳಿಗೆ ಮಾತಿನ ಅರ್ಥ ಎಷ್ಟು ಗೊತ್ತಾಗಿತ್ತೋ. ಆದರೆ ತನ್ನ ಬಾಯಲ್ಲಿ ಏನೋ ಸರಿ ಇಲ್ಲ ಎಂದಂತೂ ತಿಳಿದಿತ್ತು. ಅದನ್ನು ಅವಳು ನನ್ನ ಮುಖ ನೋಡಿಯೂ ಕಲಿತಿರಬಹುದು, ಅಲ್ವಾ? ಅವರನ್ನು ಪಕ್ಕಕ್ಕೆ ಕರೆದು, ಇನ್ನು ಹಾಗೆ ಕರೆಯಬೇಡಿ ಎಂದು ಕೈ ಮುಗಿದು ಕೇಳಿಕೊಂಡೆ. ಅವರಿಗೆ ಬೇಜಾರಾಯಿತು. ಆದರೂ ನಿಲ್ಲಿಸಿದರು. ನಾನೂ ಫೋಟೋ ದೊಡ್ಡದು ಮಾಡಿ ನೋಡುವುದನ್ನು ಬಿಟ್ಟೆ.

ಬಾಟಲಿ ಬಿಡಿಸಲು ಒಂಬತ್ತು ರಾತ್ರಿ ಬೇಕಾಯಿತು. ನಾವಿಬ್ಬರೂ ಅತ್ತೆವು. ಈಗ ಮಲಗುವ ಮುಂಚೆ ಅವಳ ತಲೆ ನನ್ನ ತೊಡೆಯ ಮೇಲೆ. ಮೊದಲು ಬ್ರಷ್, ಆಮೇಲೆ ದಾರ, ಕೊನೆಗೆ ಬಿಳಿ ಗೆರೆ ಹೇಗಿದೆ ಎಂದು ಒಂದು ನೋಟ. ಮೂರು ತಿಂಗಳ ನಂತರ ಮತ್ತೆ ತೋರಿಸಬೇಕು. ನಿನ್ನೆ ರಾತ್ರಿ ನಾನು ದಾರ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅವಳೇ ಎರಡು ಬೆರಳಿನಿಂದ ಮೇಲಿನ ತುಟಿ ಎತ್ತಿ, "ನೋಡಮ್ಮಾ" ಅಂದಳು.