ಕೊಸರು ಯಾರು ಹಾಕಬೇಕು?

ಹಳೆಯ ಮಿಕ್ಸಿ ಕೈಕೊಟ್ಟಿತ್ತು. ಮನೆಯಲ್ಲಿರುವುದು ನಾವಿಬ್ಬರೇ, ಚಟ್ನಿ, ಸಾರಿನ ಖಾರ ರುಬ್ಬಿದರೆ ಅದರ ದಿನದ ಕೆಲಸ ಮುಗಿಯಿತು. ಮೂರು ಸಾವಿರ ದಾಟಬಾರದು ಎಂದು ಮಾತಾಡಿಕೊಂಡೇ ಕಳೆದ ಗುರುವಾರ ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಹೊರಬಂದಾಗ ಬಿಲ್ಲಿನಲ್ಲಿ 7,340 ರೂಪಾಯಿ ಇತ್ತು.

ಮಾರುಕಟ್ಟೆಯ ಕಡೆ ನಡೆಯುತ್ತಾ, ಇದು ಹೇಗಾಯಿತೆಂದು ಯೋಚಿಸಿದೆ. ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಹನ್ನೊಂದು ಸಾವಿರದ್ದು. ನಾವು ಅದನ್ನು ಕೊಳ್ಳುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ನೋಡಿದ ಕಣ್ಣಿಗೆ ಆರು ಸಾವಿರದ್ದು ಅಗ್ಗವಾಗಿ ಕಾಣಬೇಕು, ಅಷ್ಟೇ. 500 ವಾಟ್ ಕೇಳಿದವರ ಕೈಗೆ 1,000 ವಾಟ್ ಬಂತು, ಜೊತೆಗೆ ಹಣ್ಣಿನ ರಸ ತೆಗೆಯುವ ಜಾರು. (ಅದು ಈಗಾಗಲೇ ಅಟ್ಟ ಸೇರಿದೆ.) ಕೊನೆಗೆ ಹೆಚ್ಚುವರಿ ವಾರಂಟಿ. ಬೇಡವೆಂದೆ. "ನಿಮ್ಮಿಷ್ಟ ಸಾರ್. ಆಮೇಲೆ ಮೋಟಾರು ಸುಟ್ಟರೆ ಮೇಡಂ ನಿಮ್ಮನ್ನೇ ಬೈಯುತ್ತಾರೆ" ಎಂದು ನಕ್ಕ. ಹೆಂಡತಿಯ ಎದುರು ಜುಗ್ಗನೆನಿಸಿಕೊಳ್ಳಲು ಯಾರಿಗೆ ಇಷ್ಟ? ತೆಗೆದುಕೊಂಡೆ.

ಬೇಡ ಎನ್ನುವವನನ್ನು ಹೀಗೆ ನಾಚಿಸುವುದು, ಕೇಳದೆಯೇ ಬುಟ್ಟಿಗೆ ಸಾಮಾನು ಸೇರಿಸುವುದು ಸೇರಿ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ನಿಷೇಧಿಸಿತು. ಎದುರಿಗೆ ನಿಂತು ನಗುನಗುತ್ತಾ ನಾಚಿಸುವವರಿಗೆ ಆ ನಿಯಮ ತಾಕುವುದಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ವಾರಂಟಿ ಮಾರಲೇಬೇಕೆಂದು ಅವನಿಗೂ ಮೇಲಿನವರ ಒತ್ತಡವಿದೆಯಂತೆ. ಬಿಲ್ ಹಾಕುವಾಗ ಅವನೇ ಹೇಳಿದ.

ದುಬಾರಿಯದನ್ನು ಮಾರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮೈಸೂರು ರೇಷ್ಮೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇದೆ ಎಂದು ಸೆರಗು ಹರಡಿ ತೋರಿಸಿದರೆ ಬೆಲೆಗೊಂದು ಕಾರಣ ಸಿಕ್ಕಿತು, ಬೇಕಾದವರು ಕೊಳ್ಳುತ್ತಾರೆ. ನನ್ನ ತಕರಾರು ಕಾರಣದ ಜಾಗದಲ್ಲಿ ನಮ್ಮ ದಾಕ್ಷಿಣ್ಯವನ್ನು ತೂಗಿ ಮಾರುವವರ ಬಗ್ಗೆ. ನಮ್ಮ ಅಜ್ಜಿ ಸೇರಿನಲ್ಲಿ ಅವರೆಕಾಳು ಅಳೆಸಿಕೊಂಡ ಮೇಲೆ "ಕೊಸರು ಹಾಕಮ್ಮ" ಎಂದು ಸೆರಗು ಒಡ್ಡುತ್ತಿದ್ದರು. ಅಳತೆ ಮುಗಿದ ಮೇಲಿನ ಆ ಒಂದು ಹಿಡಿ ಮಾರುವವರು ಕೊಡಬೇಕಾದದ್ದು. ಈಗ ಸೆರಗು ಒಡ್ಡುತ್ತಿರುವುದು ಅಂಗಡಿ, ಕೊಸರು ಹಾಕುತ್ತಿರುವುದು ನಾವು.

ಇದನ್ನೇ ಹೆಂಡತಿಗೆ ವಿವರಿಸುತ್ತಾ ದೇವರಾಜ ಮಾರುಕಟ್ಟೆ ಹೊಕ್ಕೆ. ಹೂವಿನ ಸಾಲಿನಲ್ಲಿ ಒಂದು ಮಾರು ಮಲ್ಲಿಗೆ ಕೇಳಿದಳು. ಹೂವಾಡಗಿತ್ತಿ ಕೈ ಚಾಚಿ ಅಳೆದು, ಕತ್ತರಿಸುವ ಮುನ್ನ ಇನ್ನೊಂದು ಗೇಣು ಬಿಟ್ಟಳು. "ನೋಡಿದೆಯಾ, ಇದು ಕೊಸರು!" ಎಂದೆ, ಗೆದ್ದವನಂತೆ. ಹೂವಾಡಗಿತ್ತಿ ನನ್ನ ಕಡೆ ನೋಡಿದಳು. "ನಾಳೆ ಶುಕ್ರವಾರ ಅಲ್ಲವಾ ಅಣ್ಣ, ದೇವರಿಗೆ ಸೇವಂತಿಗೆ ಬೇಡವಾ?"

ಎರಡು ಮಾರು ತೆಗೆದುಕೊಂಡೆವು.