ತಂಗುದಾಣದಲ್ಲಿ ಹಾಸಿಗೆ ಖಾಲಿ ಏಕೆ?

'ಮನೆಯಿಲ್ಲದವರಿಗೆ ರಾತ್ರಿ ತಂಗುದಾಣ ಇದ್ದರೂ ಫುಟ್‌ಪಾತ್‌ನಲ್ಲೇ ಮಲಗುತ್ತಾರೆ, ಸೋಮಾರಿಗಳು' ಎನ್ನುವವರಿದ್ದಾರೆ. ಸೋಮಾರಿತನ ಅಲ್ಲ ಸ್ವಾಮಿ, ಜಾಗದ ಲೆಕ್ಕ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ (ನಲ್ಮ್) ಮಾರ್ಗಸೂಚಿ ಹೇಳಿದ್ದು ಇಷ್ಟು: 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಆಶ್ರಯ, ತಲಾ 50 ಚದರಡಿ, ದಿನದ 24 ಗಂಟೆಯೂ ಬಾಗಿಲು ತೆರೆದಿರಬೇಕು. ಆದರೆ ಎಷ್ಟೋ ಕಡೆ ಕಟ್ಟಡ ಏಳುವುದು ಊರಾಚೆ, ಪುಕ್ಕಟೆ ಜಾಗ ಸಿಕ್ಕಲ್ಲಿ. ಮಾರ್ಕೆಟ್‌ನಲ್ಲಿ ನಸುಕಿಗೇ ಲೋಡ್ ಇಳಿಸುವ ಹಮಾಲಿ ಅಲ್ಲಿಂದ ಬರುವುದು ಹೇಗೆ? ತಳ್ಳುಗಾಡಿ, ಚಿಂದಿ ಮೂಟೆ ಇಡಲು ಜಾಗವಿಲ್ಲ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ. ಟಿವಿಗಿಂತ ಮೊದಲು ಬೇಕಿರುವುದು ಬೀಗದ ಲಾಕರ್. ಅದಿಲ್ಲದಿದ್ದರೆ ಚಪ್ಪಲಿಯನ್ನೂ ದಿಂಬಿನಡಿ ಇಟ್ಟೇ ಮಲಗಬೇಕು.